ಕಾಲಿಲ್ಲದ ಸೈನಿಕ: ಪಿಯೆರೊನ ಊರುಗಳಲ್ಲಿ ನಾಲ್ಕು ದಿನ

ಸೋದರಮಾವ ಮ್ಯೂನಿಕ್‌ನ ನಮ್ಮ ಮನೆಗೆ ಬಂದಾಗ ಅವರ ಸೂಟ್‌ಕೇಸಿನಲ್ಲಿ ಎರಡು ಕೆಜಿ ಹುರಿಹಿಟ್ಟು, ಒಂದು ಡಬ್ಬಿ ಮಾವಿನಮಿಡಿ ಉಪ್ಪಿನಕಾಯಿ ಮತ್ತು ಐದು ಮೀಟರಿನ ಒಂದು ಅಳತೆ ಟೇಪು ಇತ್ತು. ಟೇಪು ಯಾಕೆ ಮಾವ ಅಂದರೆ, "ಇರಲಿ ಬಿಡೇ, ಬೇಕಾಗುತ್ತೆ" ಅಂದರು. ಹಾಸನದಲ್ಲಿ ಪಿಡಬ್ಲ್ಯೂಡಿ ಇಂಜಿನಿಯರ್ ಆಗಿ ರಿಟೈರ್ ಆದವರು. ಗೋಡೆ ಕಂಡರೆ ಮೊದಲು ಬಿರುಕು ಹುಡುಕುತ್ತಾರೆ, ಆಮೇಲೆ ಗೋಡೆ ನೋಡುತ್ತಾರೆ.

ನನಗೋ ಇಟಲಿಯ ಚಿತ್ರಕಾರ ಪಿಯೆರೊ ದೆಲ್ಲ ಫ್ರಾಂಚೆಸ್ಕನ ಹುಚ್ಚು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಅವನ ಒಂದು ಚಿತ್ರ ನೋಡಿದ ದಿನದಿಂದ ಹಿಡಿದದ್ದು. ಅವನ ದೊಡ್ಡ ಕೆಲಸಗಳೆಲ್ಲ ಗೋಡೆಯ ಮೇಲಿವೆ. ಅವು ನಮ್ಮೂರಿಗೆ ಬರಲ್ಲ, ನಾವೇ ಹೋಗಬೇಕು. ನನಗೆ ಆಗ ಐದು ತಿಂಗಳು. ಗಂಡನಿಗೆ ರಜೆ ಇಲ್ಲ. "ಬಸುರಿ ಹೆಂಗಸು ಬೆಟ್ಟಗುಡ್ಡ ಹತ್ತಬೇಡ" ಅಂತ ಅಮ್ಮ ಫೋನಿನಲ್ಲಿ. ಮಾವ ಫೋನ್ ಕಿತ್ತುಕೊಂಡು "ನಾನಿದೀನಲ್ಲ ಅಕ್ಕ" ಅಂದರು. ಹಾಗೆ ಹೊರಟೆವು. ಮಾರ್ಚ್ ಕೊನೆ, ಯುಗಾದಿ ಕಳೆದು ಒಂದು ವಾರ.

ಮೊದಲ ದಿನ: ಅರೆಟ್ಸೊ

ಫ್ಲಾರೆನ್ಸ್‌ನಲ್ಲಿ ಇಳಿದು, ಊರನ್ನು ಸುಮ್ನೆ ಬಿಟ್ಟು, ಪ್ಯಾಸೆಂಜರ್ ರೈಲು ಹತ್ತಿ ಅರೆಟ್ಸೊಗೆ ಬಂದೆವು. ಫ್ಲಾರೆನ್ಸ್ ಬಿಟ್ಟು ಬಂದೆವು ಅಂದರೆ ನಗುವವರು ನಗಲಿ.

ಸಂತ ಫ್ರಾನ್ಸಿಸ್ ಚರ್ಚಿನ ಹೊರಗೋಡೆ ಬರೀ ಒರಟು ಕಲ್ಲು. ಮುಗಿಸದೆ ಬಿಟ್ಟ ಕೆಲಸದ ಹಾಗಿದೆ. "ಬಿಲ್ ಪಾಸಾಗಿಲ್ಲ" ಅಂದರು ಮಾವ. ಒಳಗೆ ಮುಖ್ಯ ವೇದಿಕೆಯ ಹಿಂದಿನ ಕೋಣೆಯ ಮೂರೂ ಗೋಡೆಗೆ ಪಿಯೆರೊ ಚಿತ್ರ ಬರೆದಿದ್ದಾನೆ. ಹಣ ಕೊಟ್ಟದ್ದು ಬಾಚ್ಚಿ ಎಂಬ ವ್ಯಾಪಾರಿ ಮನೆತನ. ಕೆಲಸ ಹಿಡಿದಿದ್ದ ಬಿಚ್ಚಿ ದಿ ಲೊರೆನ್ಸೊ ಎಂಬ ಮುದುಕ ಕಲಾವಿದ 1452ರಲ್ಲಿ ತೀರಿಕೊಂಡ. ಉಳಿದದ್ದು ಪಿಯೆರೊನ ಕೈಗೆ ಬಂತು. ಒಂದು ಗುಂಪಿಗೆ ಇಷ್ಟೇ ಹೊತ್ತು ಅಂತ ಲೆಕ್ಕ, ಆದ್ದರಿಂದ ಕತೆಯನ್ನು ರೈಲಿನಲ್ಲೇ ಮಾವನಿಗೆ ಹೇಳಿ ಮುಗಿಸಿದ್ದೆ.

ಕತೆ ಶಿಲುಬೆಯ ಮರದ್ದು. ಆದಮ ಸತ್ತಾಗ ಮಗ ಅವನ ಬಾಯಲ್ಲಿ ಒಂದು ಚಿಗುರು ನೆಡುತ್ತಾನೆ. ಅದು ಮರವಾಗುತ್ತದೆ. ಆ ಮರ ಒಂದು ಕಾಲದಲ್ಲಿ ಸೇತುವೆಯ ಹಲಗೆ. ಶೀಬಾ ದೇಶದ ರಾಣಿ ಅದನ್ನು ದಾಟುವ ಮೊದಲು ಗುರುತು ಹಿಡಿದು ಮಂಡಿಯೂರುತ್ತಾಳೆ. ಕೊನೆಗೆ ಅದೇ ಮರ ಕ್ರಿಸ್ತನ ಶಿಲುಬೆ. ಮುಂದೆ ಚಕ್ರವರ್ತಿ ಕಾನ್‌ಸ್ಟಂಟೈನ್‌ನ ತಾಯಿ ಹೆಲೆನಾ ಅದನ್ನು ಅಗೆಸಿ ತೆಗೆಯುತ್ತಾಳೆ. ನಮ್ಮಲ್ಲಿ ಒಂದು ಬಿಲ್ಲಿಗೋ ಒಂದು ಮಣಿಗೋ ಹತ್ತು ತಲೆಮಾರಿನ ಚರಿತ್ರೆ ಇರುತ್ತದಲ್ಲ, ಹಾಗೆ.

ಒಳಗೆ ಹೋದ ಐದು ನಿಮಿಷಕ್ಕೆ ಮಾವ ತಕರಾರು ತೆಗೆದರು. "ನೀನು ಹೇಳಿದ ಕತೆ ಬಲಗಡೆ ಮೇಲಿಂದ ಶುರುವಾಯ್ತು, ಸರಿ. ಆಮೇಲೆ ಎಲ್ಲೆಲ್ಲೋ ಹಾರ್ತಿದೆ. ಸೀರಿಯಲ್ ನಂಬರೇ ಇಲ್ಲ."

ಅವರು ಹೇಳಿದ್ದು ನಿಜ. ಪಿಯೆರೊ ಕಾಲದ ಕ್ರಮಕ್ಕೆ ತಲೆ ಕೆಡಿಸಿಕೊಂಡಿಲ್ಲ. ಎದುರುಬದುರು ಗೋಡೆಗಳನ್ನು ಜೋಡಿ ಮಾಡಿದ್ದಾನೆ. ಮೇಲೆ ಒಂದು ಗೋಡೆಯಲ್ಲಿ ಮರದ ಹುಟ್ಟು, ಎದುರಿಗೆ, ಶತ್ರುಗಳು ಹೊತ್ತೊಯ್ದಿದ್ದ ಶಿಲುಬೆ ಜೆರೂಸಲೇಮಿಗೆ ಮರಳುವುದು. ನಡುವಿನ ಸಾಲಿನಲ್ಲಿ ಇಬ್ಬರು ರಾಣಿಯರು: ಈಚೆ ಶೀಬಾ, ಆಚೆ ಹೆಲೆನಾ. ಇಬ್ಬರೂ ಒಂದೇ ಮರದ ಮುಂದೆ ಮಂಡಿಯೂರಿದ್ದಾರೆ. ಕೆಳಗೆ ಎರಡು ಯುದ್ಧ. ಒಂದರಲ್ಲಿ ರಕ್ತಪಾತ. ಇನ್ನೊಂದರಲ್ಲಿ ಕಾನ್‌ಸ್ಟಂಟೈನ್ ಬೆರಳುದ್ದದ ಬಿಳಿ ಶಿಲುಬೆಯನ್ನು ಮುಂದಕ್ಕೆ ಹಿಡಿದಿದ್ದಾನೆ, ಅಷ್ಟಕ್ಕೇ ಶತ್ರುಗಳು ಓಟ ಕಿತ್ತಿದ್ದಾರೆ. ಹೀಗೆ ಹೇಳಿದೆ. ಮಾವ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿ, "ಓ, ಕತೆಯನ್ನ ಓದೋದಲ್ಲ, ತೂಗೋದು" ಅಂದರು. ನಾನು ಓದಿದ ಯಾವ ಪುಸ್ತಕವೂ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.

ಅವರಿಗೆ ಜಾಸ್ತಿ ಹಿಡಿಸಿದ್ದು ಮಾತ್ರ ಶಿಲುಬೆಯೂ ಅಲ್ಲ, ರಾಣಿಯೂ ಅಲ್ಲ. ಶಿಲುಬೆ ಹೂತ ಜಾಗ ಬಲ್ಲ ಯೂದ ಎಂಬವನನ್ನು ಬಾಯಿ ಬಿಡಿಸಲು ಒಣಬಾವಿಗೆ ಹಾಕಿರುತ್ತಾರೆ. ಅವನನ್ನು ಮೇಲೆತ್ತುವ ದೃಶ್ಯದಲ್ಲಿ ಮರದ ಕಂಬ ನಿಲ್ಲಿಸಿ ರಾಟೆ ಕಟ್ಟಿದ್ದಾರೆ. ಮಾವ ಆ ರಾಟೆಯ ಮುಂದೆ ನಮ್ಮ ಪಾಲಿನ ಹೊತ್ತಿನಲ್ಲಿ ಕಾಲು ಭಾಗ ಕಳೆದರು.

ನಾನು ನಿಂತದ್ದು ಕಾನ್‌ಸ್ಟಂಟೈನ್‌ನ ಕನಸಿನ ಮುಂದೆ: ಶಿಲುಬೆ ಹಿಡಿದರೆ ಗೆಲ್ಲುತ್ತೀಯ ಅಂತ ಯುದ್ಧಕ್ಕೆ ಮೊದಲು ಬಿದ್ದ ಕನಸು. ರಾತ್ರಿ. ದುಂಡನೆಯ ಡೇರೆ ಬಾಯಿ ತೆರೆದಿದೆ. ರಾಜ ಮಲಗಿದ್ದಾನೆ. ಮೇಲೆ ಎಡಗಡೆಯಿಂದ ದೇವದೂತನೊಬ್ಬ ಧುಮುಕುತ್ತಿದ್ದಾನೆ. ಅವನ ಬೆಳಕು ಡೇರೆಯ ಬಟ್ಟೆಯ ಮೇಲೆ, ಕಾವಲುಗಾರರ ಕವಚದ ಮೇಲೆ ಬಿದ್ದಿದೆ. ಇದೇ ಊರಿನಲ್ಲಿ 1511ರಲ್ಲಿ ಹುಟ್ಟಿ ಕಲಾವಿದರ ಚರಿತ್ರೆ ಬರೆದ ವಸಾರಿಯೂ ಈ ರಾತ್ರಿಯನ್ನೇ ಹೊಗಳಿದ್ದಾನೆ. ಆದರೆ ನನ್ನ ಕಣ್ಣು ಹೋಗಿದ್ದು ಹಾಸಿಗೆಯ ಪಕ್ಕ ಕೂತ ಸೇವಕನ ಕಡೆ. ಕೆನ್ನೆಗೆ ಕೈ ಕೊಟ್ಟು ಕೂತಿದ್ದಾನೆ. ಪಕ್ಕದಲ್ಲಿ ಇತಿಹಾಸವೇ ತಿರುಗುತ್ತಿದೆ, ಇವನಿಗೆ ಗೊತ್ತೇ ಇಲ್ಲ. ಕನಸು ಬಿದ್ದವನು ಮಲಗಿದ್ದಾನೆ, ಎಚ್ಚರ ಇದ್ದವನಿಗೆ ಏನೂ ಕಾಣುತ್ತಿಲ್ಲ.

ರಾತ್ರಿ ಊಟಕ್ಕೆ ಸೊಪ್ಪು, ಬೀನ್ಸ್, ಹಳೆ ಬ್ರೆಡ್ ಹಾಕಿ ಕುದಿಸಿದ ರಿಬೊಲ್ಲಿತ. ಇಲ್ಲಿಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಟಸ್ಕನಿಯ ಪದ್ಧತಿ. ಮಾವ ಚೀಲದಿಂದ ಮಾವಿನಮಿಡಿ ಡಬ್ಬಿ ತೆಗೆದರು. ನಾನು ಬೇರೆ ಕಡೆ ನೋಡಿದೆ.

ಎರಡನೆಯ ದಿನ: ಮೊಂತೆರ್ಕಿ

ಬಸ್ಸು ಕಡಿಮೆ ಅಂತ ಟ್ಯಾಕ್ಸಿ ಮಾಡಿದೆವು. ಮೊಂತೆರ್ಕಿ ಗುಡ್ಡದ ಮೇಲಿನ ಪುಟ್ಟ ಊರು, ಪಿಯೆರೊನ ತಾಯಿಯ ತವರು. ಹಳೆಯ ಶಾಲೆಯ ಕಟ್ಟಡವೊಂದನ್ನು ಮ್ಯೂಸಿಯಂ ಮಾಡಿದ್ದಾರೆ. ಒಳಗಿರುವುದು ಮುಖ್ಯವಾಗಿ ಒಂದೇ ಚಿತ್ರ. ಟಿಕೆಟ್ ಕೌಂಟರಿನ ಹೆಂಗಸು ನನ್ನ ಹೊಟ್ಟೆ ನೋಡಿ, ನಾನು ಚಾಚಿದ ಕಾರ್ಡನ್ನು ವಾಪಸ್ ತಳ್ಳಿದಳು. ಬಸುರಿಯರಿಗೆ ಇಲ್ಲಿ ಟಿಕೆಟ್ ಇಲ್ಲ. ಯಾಕೆಂದರೆ ಚಿತ್ರದಲ್ಲಿರುವವಳೂ ಬಸುರಿ. ಹೆಸರೇ 'ಮದೊನ್ನ ದೆಲ್ ಪಾರ್ತೊ', ಹೆರಿಗೆಯ ಮೇರಿ. ಈ ಕಡೆಯ ಹೆಂಗಸರು ಸುಖವಾಗಿ ಹೆರಿಗೆಯಾಗಲಿ ಅಂತ ತಲೆಮಾರುಗಳಿಂದ ಇವಳಿಗೆ ಹರಕೆ ಹೊತ್ತಿದ್ದಾರೆ.

ಮೇರಿ ನೇರ ನಿಂತಿದ್ದಾಳೆ. ಒಂದು ಕೈ ಸೊಂಟದ ಮೇಲೆ. ಸೊಂಟ ಹಿಡಿದುಕೊಂಡು ನಿಲ್ಲುವುದು ಏನು ಅಂತ ನನಗೆ ಆ ವಾರ ಚೆನ್ನಾಗಿ ಗೊತ್ತಿತ್ತು. ಇನ್ನೊಂದು ಕೈ ಹೊಟ್ಟೆಯ ಮೇಲೆ. ನೀಲಿ ಅಂಗಿ ಹೊಟ್ಟೆಯ ಹತ್ತಿರ ಉದ್ದಕ್ಕೆ ಬಿಚ್ಚಿಕೊಂಡಿದೆ, ಒಳಗಿನ ಬಿಳಿ ಕಾಣುತ್ತದೆ. ಇಬ್ಬರು ದೇವದೂತರು ಡೇರೆಯ ಪರದೆಯನ್ನು ಎರಡು ಕಡೆ ಸರಿಸಿ ಹಿಡಿದಿದ್ದಾರೆ. ಪರದೆ ತೆರೆದಿದೆ, ಒಳಗೆ ಅಂಗಿ ತೆರೆದಿದೆ, ಅದರೊಳಗೆ ಇನ್ನೂ ತೆರೆಯದ ಒಂದು ಬಾಗಿಲು. ಒಂದರೊಳಗೊಂದು. ಡೇರೆಯ ಬಟ್ಟೆಯ ತುಂಬ ದಾಳಿಂಬೆಯ ಕಸೂತಿ. ಸಿಪ್ಪೆಯೊಳಗೆ ನೂರಾರು ಕಾಳು ಹೊತ್ತ ಹಣ್ಣು ಕ್ರೈಸ್ತ ಚಿತ್ರಗಳಲ್ಲಿ ಮರುಹುಟ್ಟಿನ ಗುರುತು. ಮಾವ ಅಷ್ಟು ದೂರ ಹೋಗಲಿಲ್ಲ. "ಸೀಮಂತದಲ್ಲಿ ಮಡಿಲು ತುಂಬಿದ ಹಾಗಿದೆ ಕಣೇ" ಅಂದರು.

ಆಮೇಲೆ ಎರಡು ದೇವದೂತರನ್ನು ಬೆರಳು ತೋರಿಸಿ ಕೇಳಿದರು: "ಇವು ಎರಡೂ ಒಂದೇ ಅಲ್ವಾ?"

ಒಂದೇ. ಕಾಗದದ ಮೇಲೆ ಒಬ್ಬ ದೇವದೂತನನ್ನು ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಗೋಡೆಗೆ ಹಿಡಿದು ಮೇಲೆ ಇದ್ದಿಲ ಪುಡಿ ತಟ್ಟುತ್ತಾರೆ. ಗೋಡೆಯ ಮೇಲೆ ಚುಕ್ಕಿ ಬೀಳುತ್ತದೆ. ನಮ್ಮ ಮನೆಗಳಲ್ಲಿ ತೂತಿನ ಅಚ್ಚಿನಿಂದ ರಂಗೋಲಿ ಹಾಕುವ ಹಾಗೆಯೇ. ಆ ಕಾಗದವನ್ನೇ ಮಗುಚಿ ಹಿಡಿದರೆ ಎರಡನೆಯವನು ಸಿದ್ಧ. ಪಿಯೆರೊ ಬಣ್ಣವನ್ನು ಮಾತ್ರ ಅದಲುಬದಲು ಮಾಡಿದ್ದಾನೆ: ಒಬ್ಬನ ಅಂಗಿಯ ಕೆಂಪು ಇನ್ನೊಬ್ಬನ ಕಾಲ್ಚೀಲಕ್ಕೆ, ಇವನ ಹಸಿರು ಅವನ ಕಾಲಿಗೆ. ಹಸಿ ಗಾರೆಯ ಮೇಲೆ ಬರೆಯುವಾಗ ದಿನಕ್ಕೆ ಎಷ್ಟು ಆಗುತ್ತದೋ ಅಷ್ಟೇ ಗಾರೆ ಮೆತ್ತುತ್ತಾರೆ. ಆ ಲೆಕ್ಕದಲ್ಲಿ ಈ ಇಡೀ ಚಿತ್ರ ಏಳು ದಿನದ ಕೆಲಸ. "ಒಳ್ಳೆ ಕಂಟ್ರಾಕ್ಟರ್" ಅಂದರು ಮಾವ. ಮರುದಿನ ಆ ಮಾತು ವಾಪಸ್ ತೆಗೆದುಕೊಳ್ಳಬೇಕಾಯಿತು.

ಚಿತ್ರ ಮೊದಲಿದ್ದದ್ದು ಇಲ್ಲಲ್ಲ, ಊರಾಚೆಯ ಒಂದು ಗುಡಿಯಲ್ಲಿ. ಆಮೇಲೆ ಆ ಜಾಗ ಸ್ಮಶಾನದ ಗುಡಿಯಾಯಿತು. ಬಹಳ ಕಾಲ ಈ ತುಂಬು ಬಸುರಿ ಸಮಾಧಿಗಳ ನಡುವೆ ನಿಂತಿದ್ದಳು. ಇದನ್ನು ನಾನು ಅಮ್ಮನಿಗೆ ಹೇಳಲಿಲ್ಲ.

ಮೂರನೆಯ ದಿನ: ಸಾನ್ಸೆಪೋಲ್ಕ್ರೊ

ಬಂದದ್ದೇ ಇದಕ್ಕೆ. ಪಿಯೆರೊ ಹುಟ್ಟಿದ ಊರು, 1492ರ ಅಕ್ಟೋಬರ್ 12ರಂದು ಸತ್ತ ಊರೂ ಇದೇ. ಅದೇ ದಿನ ಕೊಲಂಬಸ್ಸನ ಹಡಗಿನವರಿಗೆ ನೆಲ ಕಂಡಿತು. ಊರಿನ ಹೆಸರಿನ ಅರ್ಥ 'ಪವಿತ್ರ ಸಮಾಧಿ'. ಇಬ್ಬರು ಯಾತ್ರಿಕರು ಜೆರೂಸಲೇಮಿನ ಕ್ರಿಸ್ತನ ಸಮಾಧಿಯಿಂದ ಪವಿತ್ರ ವಸ್ತುಗಳನ್ನು ತಂದು ಇಲ್ಲಿ ನೆಲೆಯಾದರು ಎಂಬುದು ಸ್ಥಳಪುರಾಣ. ಇದನ್ನು ತಲೆಯಲ್ಲಿ ಇಟ್ಟುಕೊಳ್ಳದೆ ಆ ಚಿತ್ರ ನೋಡಿದರೆ ಅರ್ಧ ಕೈಬಿಟ್ಟ ಹಾಗೆ.

ಇಂದಿನ ಮ್ಯೂಸಿಯಂ ಅಂದಿನ ಪುರಸಭೆಯ ಕಟ್ಟಡ. ಒಳಗೆ ಮೊದಲು ಸಿಗುವುದು ಚಿನ್ನದ ಹಿನ್ನೆಲೆಯ ಹಲವು ಹಲಗೆಗಳ ಚಿತ್ರ. ನಡುವೆ ಮೇರಿ ತನ್ನ ಸೆರಗಿನಡಿ ಊರವರನ್ನು ಸೇರಿಸಿಕೊಂಡಿದ್ದಾಳೆ. 1445ರಲ್ಲಿ ಕರಾರಾಗಿತ್ತು: ಮೂರು ವರ್ಷದಲ್ಲಿ ಮುಗಿಸಬೇಕು. ಪಿಯೆರೊ ಹದಿನೈದು ವರ್ಷಕ್ಕೂ ಜಾಸ್ತಿ ಎಳೆದ. ಮಾವನ ಮುಖ ನೋಡಬೇಕಿತ್ತು. "ನಮ್ಮವನೇ" ಅಂದರು.

ಮುಂದಿನ ಕೋಣೆಯ ಗೋಡೆಯಲ್ಲಿ 'ಪುನರುತ್ಥಾನ'. 225 ಸೆಂಟಿಮೀಟರ್ ಎತ್ತರ, 200 ಅಗಲ. 1460ರ ದಶಕದ್ದು. ಬೆಳಗಿನ ಜಾವ. ಸಮಾಧಿಯ ಕಲ್ಲುಪೆಟ್ಟಿಗೆಯೊಳಗಿಂದ ಕ್ರಿಸ್ತ ಎದ್ದು ನಿಂತಿದ್ದಾನೆ. ಒಂದು ಕಾಲು ಎತ್ತಿ ಪೆಟ್ಟಿಗೆಯ ಅಂಚಿನ ಮೇಲೆ ಇಟ್ಟಿದ್ದಾನೆ, ಈಗ ಹೊರಗೆ ಹೆಜ್ಜೆ ಹಾಕುವವನ ಹಾಗೆ. ಒಂದು ಕೈಯಲ್ಲಿ ಕೆಂಪು ಶಿಲುಬೆಯ ಬಿಳಿ ಬಾವುಟ. ಗುಲಾಬಿ ಬಣ್ಣದ ಹೊದಿಕೆ. ಪಕ್ಕೆಯ ಗಾಯ ಇನ್ನೂ ಆರಿಲ್ಲ. ಮುಂದೆ ಕೆಳಗೆ ನಾಲ್ವರು ಕಾವಲುಗಾರರು. ನಾಲ್ವರೂ ಗಡದ್ದಾಗಿ ನಿದ್ದೆ.

ಮಾವ ಏನೂ ಮಾತಾಡದೆ ಹತ್ತು ನಿಮಿಷ ನಿಂತರು. ನಾನು ಬೆಂಚಿನ ಮೇಲೆ ಕೂತೆ.

ಆಮೇಲೆ ಬಂದು ಪಕ್ಕ ಕೂತು ಹೇಳಿದರು: "ಸೆಂಟರ್ ಲೈನ್ ನೋಡು. ಬಾವುಟದ ಕೋಲು ಬಿಟ್ಟರೆ ಅವನೇ ತೂಗುಗುಂಡು ಬಿಟ್ಟ ಹಾಗೆ ನಿಂತಿದ್ದಾನೆ. ಸುತ್ತ ಎಲ್ಲಾ ವಾಲಿದೆ."

ಅದೇ ಇಲ್ಲಿಯ ಕಟ್ಟುವಿಕೆ. ಕೆಳಗೆ ಮಲಗಿದವರು ಅಗಲವಾದ ತಳ, ಮೇಲೆ ಕ್ರಿಸ್ತನ ತಲೆ ತುದಿ, ಒಟ್ಟು ಒಂದು ತ್ರಿಕೋಣ. ಪೆಟ್ಟಿಗೆಯ ಅಂಚು ಚಿತ್ರವನ್ನು ಅಡ್ಡಕ್ಕೆ ಸೀಳುತ್ತದೆ: ಕೆಳಗೆ ನಿದ್ದೆ, ಮೇಲೆ ಎಚ್ಚರ. ಕ್ರಿಸ್ತ ಉದ್ದಕ್ಕೆ ಸೀಳುತ್ತಾನೆ. ಅವನ ಹಿಂದೆ ನಮ್ಮ ಎಡಕ್ಕಿರುವ ಮರಗಳು ಬೋಳು, ಬಲಕ್ಕಿರುವುವಕ್ಕೆ ಎಲೆ. ಸಾವು ಆಚೆ, ಬದುಕು ಈಚೆ, ನಡುವೆ ಇವನು. ಬರುವ ದಾರಿಯಲ್ಲೂ ಎರಡು ಬಗೆಯ ಮರಗಳನ್ನೂ ನೋಡಿದ್ದೆವು, ಮಾರ್ಚ್ ಅಲ್ವಾ. ಮಾವ ಆ ಎಲೆಗಳನ್ನು ನೋಡಿ "ಇದು ಯುಗಾದಿ ಚಿತ್ರ" ಅಂದರು. ಈಸ್ಟರ್ ಬರುವುದೂ ಇದೇ ಕಾಲಕ್ಕೆ. ಹಾಗಾಗಿ ಮಾತು ಅಷ್ಟೇನೂ ತಪ್ಪಲ್ಲ.

ಇನ್ನೊಂದು ಚಮತ್ಕಾರ ನನಗೆ ಮೊದಲೇ ಓದಿ ಗೊತ್ತಿತ್ತು, ಆದರೂ ಎದುರು ನಿಂತಾಗಲೇ ಮೈಗೆ ತಾಕಿದ್ದು. ಸೈನಿಕರನ್ನು ನಾವು ಕೆಳಗಿನಿಂದ ತಲೆಯೆತ್ತಿ ನೋಡುತ್ತೇವೆ, ಅವರ ಗದ್ದದ ಅಡಿ ಕಾಣುತ್ತದೆ. ಅದೇ ಲೆಕ್ಕಕ್ಕೆ ಅವರಿಗಿಂತ ಮೇಲಿರುವ ಕ್ರಿಸ್ತನ ಗದ್ದದ ಅಡಿ ಇನ್ನೂ ಜಾಸ್ತಿ ಕಾಣಬೇಕು. ಕಾಣುವುದಿಲ್ಲ. ಅವನ ಮುಖ ನಮ್ಮ ಮುಖದ ನೇರಕ್ಕಿದೆ. ಪಿಯೆರೊ ಪರ್‌ಸ್ಪೆಕ್ಟಿವ್ ಬಗ್ಗೆ, ಅಂದರೆ ಕಣ್ಣಿಗೆ ಕಾಣುವ ದೂರ-ಹತ್ತಿರವನ್ನು ಲೆಕ್ಕ ಹಾಕಿ ಬರೆಯುವ ಬಗ್ಗೆ, ಪುಸ್ತಕವನ್ನೇ ಬರೆದ ಗಣಿತಜ್ಞ, ಇದು ಅವನ ಕೈತಪ್ಪು ಆಗಿರಲು ಸಾಧ್ಯವೇ ಇಲ್ಲ. ಮನುಷ್ಯರಿಗೆ ಒಂದು ಕಣ್ಣಿನ ಮಟ್ಟ, ದೇವರಿಗೆ ಬೇರೆ ಮಟ್ಟ. ದೇವರು ನಾವಿರುವಲ್ಲಿಗೇ ಇಳಿದು ದಿಟ್ಟಿಸಿದ ಹಾಗಿದೆ. ಆ ದೊಡ್ಡ ಕಣ್ಣುಗಳಲ್ಲಿ ಕರುಣೆ ಇದೆ ಅಂತ ನನಗಂತೂ ಅನಿಸಲಿಲ್ಲ. ಎದ್ದಿದ್ದೀಯಾ ಅಂತ ಕೇಳುವ ನೋಟ.

ಯಾಕೆಂದರೆ ಬೇರೆ ಯಾರೂ ಎದ್ದಿಲ್ಲ. ನಾಲ್ವರಲ್ಲಿ ಒಬ್ಬ ತಲೆಯನ್ನು ಹಿಂದಕ್ಕೆ ಚೆಲ್ಲಿ ನಮ್ಮ ಕಡೆ ಮುಖ ಮಾಡಿ ಮಲಗಿದ್ದಾನೆ. ಅದು ಪಿಯೆರೊನದೇ ಮುಖ ಅಂತ ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಬಾವುಟದ ಕೋಲು ಅವನ ತಲೆಗೆ ತಾಗಿದ ಹಾಗಿದೆ. ದೇವರ ಕೋಲು ತಲೆಗೆ ತಾಗಿದರೂ ಎಚ್ಚರವಿಲ್ಲ! ಪಿಯೆರೊ ಈ ಊರಿನ ಪುರಸಭೆಯಲ್ಲಿ ಸದಸ್ಯನಾಗಿದ್ದವನು. ಸಭೆಗೆ ಮೊದಲು ಊರಿನ ಹಿರಿಯರು ಈ ಚಿತ್ರದ ಮುಂದೆ ಪ್ರಾರ್ಥನೆ ಮಾಡುತ್ತಿದ್ದರು. ಊರಿನ ಹೆಸರೇ ಸಮಾಧಿ, ಊರು ಕಾಯಬೇಕಾದವರು ಇವರು, ಎದುರಿಗೆ ಸಮಾಧಿ ಕಾಯುತ್ತಾ ನಿದ್ದೆ ಹೋದ ನಾಲ್ವರು. ನಮ್ಮ ಕಾರ್ಪೊರೇಷನ್ನುಗಳಲ್ಲೂ ಒಂದು ನೇತು ಹಾಕಬಹುದು ಅನಿಸಿತು.

ಅಷ್ಟರಲ್ಲಿ ಮಾವ ಎದ್ದು ಹತ್ತಿರ ಹೋಗಿ, ತಿರುಗಿ, ಗಟ್ಟಿಯಾಗಿಯೇ ಕೇಳಿದರು: "ಈ ಈಟಿ ಹಿಡಿದವನ ಕಾಲೆಲ್ಲಿ?"

ನಿಜವಾಗಿಯೂ ಇಲ್ಲ. ಸೊಂಟದವರೆಗೆ ಇದ್ದಾನೆ, ಆಮೇಲೆ ಪಕ್ಕದವನು ಶುರು. ಅವನು ಕೂತ ರೀತಿಯಲ್ಲಿ ಯಾವ ಮನುಷ್ಯನೂ ಕೂರಲಾರ. ತಜ್ಞರಿಗೆ ಗೊತ್ತಿರುವ ವಿಷಯವೇ. ಕಾಲು ಬರೆದರೆ ಒಟ್ಟಂದ ಕೆಡುತ್ತದೆ ಅಂತ ಪಿಯೆರೊ ಬಿಟ್ಟಿರಬೇಕು ಅನ್ನುತ್ತಾರೆ. ಮಾವನಿಗೆ ಸಮಾಧಾನವಾಗಲಿಲ್ಲ. "ಡ್ರಾಯಿಂಗ್ ಅಪ್ರೂವ್ ಮಾಡಿದ್ದು ಯಾರು?" ಅಂತ ಗೊಣಗಿದರು. ಜೇಬಿನಿಂದ ಟೇಪು ಅರ್ಧ ಹೊರಬಂತು. ಕಾವಲಿನವಳು ಕೆಮ್ಮಿದಳು. ಒಳಗೆ ಹೋಯಿತು.

ಅವರನ್ನು ಸಮಾಧಾನ ಮಾಡಿದ್ದು ಬೇರೆ ಸುದ್ದಿ. 2018ರಲ್ಲಿ ಮುಗಿದ ದುರಸ್ತಿಯಲ್ಲಿ ಒಂದು ಸಂಗತಿ ಗಟ್ಟಿಯಾಯಿತು: ಚಿತ್ರ ಈಗಿರುವ ಜಾಗದಲ್ಲಿ ಬರೆದದ್ದಲ್ಲ. ಬೇರೆಡೆ ಬರೆದ ಗೋಡೆಯನ್ನೇ ಕಡಿದು, ಇಡಿಯಾಗಿ ತಂದು ಇಲ್ಲಿ ನಿಲ್ಲಿಸಿದ್ದು. ಐನೂರು ವರ್ಷದ ಹಿಂದೆ, ಕ್ರೇನ್ ಇಲ್ಲದೆ. ಆ ದುರಸ್ತಿಗೆ ಒಂದು ಲಕ್ಷ ಯೂರೊ ಕೊಟ್ಟವರು ಬುಯ್‌ತೋನಿ ಪಾಸ್ತಾ ಕಂಪನಿಯ ಹಿಂದಿನ ಮ್ಯಾನೇಜರ್ ಒಬ್ಬರು. ಆ ಕಂಪನಿ 1827ರಲ್ಲಿ ಶುರುವಾದದ್ದೂ ಇದೇ ಊರಿನಲ್ಲಿ. ಮಾವನಿಗೆ ಪಾಸ್ತಾ ಬೇಡ, ಗೋಡೆ ಸಾಗಿಸಿದ್ದು ಹೇಗೆ ಅಂತ ಹೇಳು ಅಂದರು. ಊಟ ಮುಗಿಯುವವರೆಗೂ ಮೇಜಿನ ಮೇಲೆ ಚಮಚ, ಉಪ್ಪಿನ ಡಬ್ಬಿ ಇಟ್ಟು ಉರುಳುಮರ, ಸನ್ನೆಕೋಲು ಅಂತ ಅವರೇ ನನಗೆ ಹೇಳಿದರು.

ರಾತ್ರಿ ಹೋಟೆಲಿನಲ್ಲಿ ಅವರ ಕೋಣೆಗೆ ಮಾತ್ರೆ ಕೊಡಲು ಹೋದರೆ, ಟೇಪು ಗೋಡೆಯ ಮೇಲಿತ್ತು. 225, 200. ನಾಲ್ಕು ಮೂಲೆಗೆ ನಾಲ್ಕು ಚೂರು ಕಾಗದ ಅಂಟಿಸಿದ್ದರು.

ನಾಲ್ಕನೆಯ ದಿನ: ಮತ್ತೆ ಅಲ್ಲೇ

ಇವತ್ತು ಉರ್ಬಿನೊಗೆ ಹೋಗಬೇಕಿತ್ತು. ಅಲ್ಲಿ ಪಿಯೆರೊನ ಇನ್ನೊಂದು ಚಿತ್ರ ಇದೆ, 58 ಸೆಂಟಿಮೀಟರ್ ಎತ್ತರದ್ದು. ಹಿಂದೆ ಕ್ರಿಸ್ತನಿಗೆ ಚಾಟಿ ಏಟು ಬೀಳುತ್ತಿದೆ, ಮುಂದೆ ಮೂವರು ಅದರ ಗೊಡವೆಯೇ ಇಲ್ಲದೆ ನಿಂತಿದ್ದಾರೆ. 1975ರಲ್ಲಿ ಅದನ್ನು ಕದ್ದಿದ್ದರು, ಮರುವರ್ಷ ಸ್ವಿಟ್ಜರ್ಲೆಂಡಿನಲ್ಲಿ ಸಿಕ್ಕಿತು. ನಮಗೆ ಸಿಗಲಿಲ್ಲ. ಫೋನಿನಲ್ಲಿದ್ದ ಬಸ್ ವೇಳಾಪಟ್ಟಿ ಯಾವ ಕಾಲದ್ದೋ. ಒಂದೂಕಾಲು ಗಂಟೆ ನಿಂತೆವು. ನನ್ನ ಕಾಲು ಊದಿಕೊಂಡಿತು. ಮಾವ ಚೀಲ ಎತ್ತಿಕೊಂಡು "ನಡಿ, ಅಲ್ಲಿಗೇ ಹೋಗೋಣ" ಅಂದರು.

ದಾರಿಯಲ್ಲಿ ಟೋನಿ ಕ್ಲಾರ್ಕ್ ಕತೆ ಹೇಳಿದೆ. 1944ರಲ್ಲಿ ಈ ಊರಿನ ಮೇಲೆ ಬ್ರಿಟಿಷ್ ಫಿರಂಗಿಗಳು ಗುಂಡು ಹಾರಿಸಲು ಶುರು ಮಾಡಿದ್ದವು. ಆಜ್ಞೆ ಕೊಡುತ್ತಿದ್ದ ಯುವ ಅಧಿಕಾರಿ ಕ್ಲಾರ್ಕ್. ಊರಿನ ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ಅವನಿಗೆ ಕಾಡಿತು. ಆಮೇಲೆ ನೆನಪಾಯಿತು: ಇಂಗ್ಲಿಷ್ ಲೇಖಕ ಆಲ್ಡಸ್ ಹಕ್ಸ್‌ಲಿ 1925ರಲ್ಲಿ ಒಂದು ಪ್ರಬಂಧದಲ್ಲಿ ಈ 'ಪುನರುತ್ಥಾನ'ವನ್ನು ಜಗತ್ತಿನ ಅತ್ಯುತ್ತಮ ಚಿತ್ರ ಅಂದಿದ್ದ. ಕ್ಲಾರ್ಕ್ ಆ ಚಿತ್ರ ನೋಡಿಯೇ ಇರಲಿಲ್ಲ, ಬರೀ ಓದಿದ್ದ. ಫಿರಂಗಿ ನಿಲ್ಲಿಸಿದ. ಜರ್ಮನ್ನರು ಅದಾಗಲೇ ಜಾಗ ಬಿಟ್ಟಿದ್ದರು. ಊರಿನ ಒಂದು ರಸ್ತೆಗೆ ಈಗ ಅವನ ಹೆಸರಿದೆ.

"ಎಷ್ಟು ಗುಂಡು ಬಿದ್ದಿತ್ತು ಆ ಹೊತ್ತಿಗೆ?" ಅಂದರು ಮಾವ. ಗೋಡೆಯ ಚಿಂತೆ.

ಕಾವಲಿಗೆ ನಿನ್ನೆಯವಳೇ ಇದ್ದಳು. ಮಾವ ಖಾಲಿ ಜೇಬುಗಳನ್ನು ತಟ್ಟಿ ತೋರಿಸಿದರು, ಅವಳು ನಕ್ಕಳು. ಈ ಸಲ ಅವರ ಕೈಯಲ್ಲಿ ನಿನ್ನೆಯ ಊಟದ ಬಿಲ್ಲು ಮತ್ತು ಒಂದು ಪೆನ್ಸಿಲ್. ಬಿಲ್ಲಿನ ಹಿಂಬದಿಯಲ್ಲಿ ನಾಲ್ವರನ್ನೂ ಒಂದೊಂದು ಮೊಟ್ಟೆಯ ಹಾಗೆ ಬರೆದುಕೊಂಡರು. ಈಟಿಯವನಿಗೆ ಕಾಲು ಹಾಕಿದರು. ಅಳಿಸಿದರು. ಮಡಿಸಿ ಹಾಕಿದರು. ಮತ್ತೆ ಅಳಿಸಿದರು. ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತು ಬಿಲ್ಲು ತೋರಿಸಿದರು.

"ನೋಡು. ಮುಂದಕ್ಕೆ ಚಾಚಿದರೆ ಪಕ್ಕದವನ ಮೇಲೆ ಬೀಳುತ್ತೆ. ಮಡಿಸಿದರೆ ಇಲ್ಲಿ ಗಂಟಾಗುತ್ತೆ, ಕಣ್ಣು ಇಲ್ಲೇ ನಿಂತುಬಿಡುತ್ತೆ, ಮೇಲಕ್ಕೆ ಹೋಗಲ್ಲ. ಒಟ್ಟು ಚಿತ್ರದಲ್ಲಿ ಕಾಣಬೇಕಾದ ಕಾಲು ಒಂದೇ." ಪೆನ್ಸಿಲ್‌ನಿಂದ ಪೆಟ್ಟಿಗೆಯ ಅಂಚಿನ ಮೇಲಿನ ಪಾದವನ್ನು ತೋರಿಸಿದರು.

ಬಿಲ್ಲನ್ನು ನಾಲ್ಕಾಗಿ ಮಡಿಚಿ ಪರ್ಸಿನಲ್ಲಿ ಇಟ್ಟುಕೊಂಡರು. ಆಮೇಲೆ ಮತ್ತೆ ತೆಗೆದು ನೋಡಿದರು.

"ಆದರೂ ಒಂದು ಸಲ ಎಡಗಡೆಯಿಂದ ಟ್ರೈ ಮಾಡಬೇಕು. ನಾಳೆ ಎಷ್ಟು ಗಂಟೆಗೆ ತೆರೀತಾರೆ ಕೇಳೇ."

ನಾಳೆ ಬೆಳಿಗ್ಗೆ ನಮ್ಮ ರೈಲು. ಆದರೂ ಹೋಗಿ ಕೇಳಿದೆ.